ಲಾರಿಗೆ ಮರಳಿ ಬಂದ ಕಿಡಿ

ಉದ್ದ ಮೂರು ಅಂಗುಲ, ದಪ್ಪ ಒಂದು ಹೆಬ್ಬೆರಳಿನಷ್ಟು. ನೆತ್ತಿಯಲ್ಲಿ ತಂತಿ ಸಿಕ್ಕಿಸುವ ಗುಬುಟು, ನಡುವೆ ಬಿಳಿಯ ಪಿಂಗಾಣಿ, ಬುಡದಲ್ಲಿ ಉಕ್ಕಿನ ತಿರುಪು. ಅಂಗೈಯಲ್ಲಿಟ್ಟರೆ ಮಗುವಿನ ಆಟಿಕೆಯಂತೆ ಕಾಣುವ ಈ ವಸ್ತು ಮುನಿಸಿಕೊಂಡಿತೆಂದರೆ, ಮೂರು ಟನ್ನು ಹಂಚು ಹೊತ್ತ ಲಾರಿ ಶಿರಾಡಿ ಘಾಟಿಯ ನಡುದಾರಿಯಲ್ಲಿ ಕೆಮ್ಮಿ, ಮುಗ್ಗರಿಸಿ, ಕೊನೆಗೆ ನಿಂತೇಬಿಡುತ್ತಿದ್ದಿತು. ಚಕ್ರದ ಹಿಂದೆ ಕಲ್ಲಿಡಲು ಕ್ಲೀನರನು ಹಾರಿ ಇಳಿಯುತ್ತಿದ್ದನು. ಚಾಲಕನು ಬಾನೆಟ್ಟೆತ್ತಿ ಕುದಿಯುವ ಎಂಜಿನ್ನಿನ ಮೇಲೆ ಬಗ್ಗುತ್ತಿದ್ದನು. ಅವನ ಕೈ ಮೊಟ್ಟಮೊದಲು ಹೋಗುತ್ತಿದ್ದುದು ಸ್ಪಾರ್ಕ್ ಪ್ಲಗ್ಗಿನ ಕಡೆಗೆ.

ಇದು ಪೆಟ್ರೋಲು ಲಾರಿಗಳ ಕಾಲದ ಮಾತು. ಆ ಕಾಲ ಸಂದು ಅರ್ಧ ಶತಮಾನವೇ ಆಯಿತು. ಡೀಸೆಲ್ ಬಂದಿತು, ಲಾರಿಯಿಂದ ಪ್ಲಗ್ಗು ಮಾಯವಾಯಿತು. ಮೇಸ್ತ್ರಿಗಳ ಎರಡು ತಲೆಮಾರು ಲಾರಿಗೆ ಪ್ಲಗ್ಗು ಹಾಕುವುದನ್ನು ಕಾಣದೆಯೇ ಕೆಲಸ ಕಲಿತು, ಕಲಿಸಿ, ಮುದಿಯಾಯಿತು. ಈಗ ಯಾರೂ ಎಣಿಸದಿದ್ದ ಹಾದಿಯಿಂದ ಅದೇ ಪ್ಲಗ್ಗು ಲಾರಿಯೊಳಕ್ಕೆ ಮರಳಿ ಬಂದು ಕುಳಿತಿದೆ. ಕೊಚ್ಚಿಯಿಂದ ಮಂಗಳೂರಿಗೆ ನೆಲದಡಿಯಲ್ಲಿ ಹರಿದು ಬಂದಿರುವ ಅನಿಲದ ಕೊಳವೆಯೇ ಆ ಹಾದಿ. ಮರೆತ ವಿದ್ಯೆಯೊಂದನ್ನು ಮತ್ತೆ ಕಲಿಯಬೇಕಾದ ಈ ಹೊತ್ತಿನಲ್ಲಿ, ಅದರ ಹಿಂದಿನ ಕಥೆಯನ್ನೂ ಕೆಲಸದ ಮರ್ಮವನ್ನೂ ಒಮ್ಮೆ ಅವಲೋಕಿಸುವುದು ಉಚಿತವಾದೀತು.

ರೈಲು, ಹಂಚು, ಮೋಟಾರು

ಮಂಗಳೂರಿನ ಅತ್ತಾವರ ರೈಲು ನಿಲ್ದಾಣಕ್ಕೆ ತಾಗಿಕೊಂಡಿರುವ ಬಡಾವಣೆ. ಒಂದು ಕಡೆ ಪಾಂಡೇಶ್ವರ, ಇನ್ನೊಂದು ಕಡೆ ಕಂಕನಾಡಿ, ತೆಂಕಲಿಗೆ ಹೋದರೆ ಜೆಪ್ಪು. ಇಂದು ಆಸ್ಪತ್ರೆ, ಕಾಲೇಜು, ವಸತಿಗೃಹಗಳಿಂದ ತುಂಬಿ ತುಳುಕುವ ಈ ಪ್ರದೇಶಕ್ಕೆ ಸರಕು ಸಾಗಣೆಯ ಸದ್ದು ಹೊಸದಲ್ಲ. ಬಾಸೆಲ್ ಮಿಶನ್ನಿನವರು ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು ೧೮೬೫ರಲ್ಲಿ. ರೈಲು ಮಂಗಳೂರನ್ನು ಮುಟ್ಟಿದುದು ೧೯೦೭ರಲ್ಲಿ. ಕಾರ್ಖಾನೆಗೂ ರೈಲಿಗೂ ಬಂದರಿಗೂ ನಡುವೆ ಎತ್ತಿನ ಗಾಡಿಗಳು ನಡೆದ ದಾರಿಗಳಲ್ಲಿಯೇ ಮುಂದೆ ಮೋಟಾರುಗಳು ಓಡಿದವು.

ಜಿಲ್ಲೆಯ ಮೋಟಾರು ಯುಗದ ಆರಂಭಕ್ಕೆ ಒಂದು ಹೆಸರನ್ನು ಹೇಳಬೇಕಾದರೆ ಅದು ವಾಮನ ಶ್ರೀನಿವಾಸ ಕುಡ್ವರದು. ಅವರು ೧೯೧೪ರಲ್ಲಿ ಸ್ಥಾಪಿಸಿದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯನ್ನು ಜನರು ‘ಸಿ.ಪಿ.ಸಿ.’ ಎಂದು ಕರೆದರು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯ ಸ್ಥಾಪಕರಲ್ಲಿಯೂ ಇವರು ಒಬ್ಬರು. ಬಸ್ಸು ಓಡಿಸಿದವರಿಗೆ ಅದರ ರಿಪೇರಿಯೂ ತಲೆಯ ಮೇಲೆ ಬರುವುದು ಸಹಜ. ಕುಡ್ವರ ಉದ್ಯಮ ಕ್ರಮೇಣ ವರ್ಕ್‌ಶಾಪಿನ ಕಡೆಗೂ, ಲಾರಿ ಬಸ್ಸುಗಳ ಪಟ್ಟಿ ಸ್ಪ್ರಿಂಗುಗಳ ತಯಾರಿಕೆಯ ಕಡೆಗೂ ಬೆಳೆಯಿತು. ಘಟ್ಟದ ದಾರಿಯಲ್ಲಿ ಮೊದಲು ಮುರಿಯುವುದು ಸ್ಪ್ರಿಂಗು ಎಂಬುದನ್ನು ಬಲ್ಲವರ ಲೆಕ್ಕಾಚಾರ ಅದು.

ಆಗಿನ ಬಸ್ಸು ಲಾರಿಗಳೆಲ್ಲವೂ ಪೆಟ್ರೋಲು ಕುಡಿಯುವಂಥವು. ಷೆವ್ರೊಲೆ, ಫೋರ್ಡ್, ಡಾಜ್, ಬೆಡ್‌ಫರ್ಡ್ ಎಂಬ ಹೆಸರುಗಳು ಮನೆಮಾತಾಗಿದ್ದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯವು ಬಿಟ್ಟುಕೊಟ್ಟ ಲಾರಿಗಳು ದೇಶದೆಲ್ಲೆಡೆ ಹರಾಜಾಗಿ ಖಾಸಗಿಯವರ ಕೈ ಸೇರಿದವು. ಆರು ಸಿಲಿಂಡರಿನ ಷೆವ್ರೊಲೆಗೆ ಆರು ಪ್ಲಗ್ಗು, ಎಂಟು ಸಿಲಿಂಡರಿನ ಫೋರ್ಡಿಗೆ ಎಂಟು. ಮಂಗಳೂರಿಗೂ ಹಾಸನಕ್ಕೂ ರೈಲು ಹಾದಿ ಸಿದ್ಧವಾದುದು ೧೯೭೯ರಲ್ಲಿ. ಅಲ್ಲಿಯವರೆಗೆ ಕರಾವಳಿಯ ಹಂಚು, ಮೀನು, ಉಪ್ಪು ಘಟ್ಟ ಹತ್ತುವುದಕ್ಕೂ, ಮೇಲಿನ ಕಾಫಿ, ಏಲಕ್ಕಿ ಇಳಿಯುವುದಕ್ಕೂ ರಸ್ತೆಯೇ ಗತಿ. ಮೊದಲು ಆ ರಸ್ತೆಯ ಭಾರವನ್ನೆಲ್ಲ ಹೊತ್ತದ್ದು ಈ ಪ್ಲಗ್ಗುಗಳ ಕಿಡಿಯೇ ಎಂದರೆ ಅತಿಶಯವಲ್ಲ.

ಗಂಟೆಗೆ ಎಪ್ಪತ್ತೆರಡು ಸಾವಿರ

ಪ್ಲಗ್ಗಿನ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಠಿಣ. ಸಿಲಿಂಡರಿನೊಳಗೆ ಪೆಟ್ರೋಲಿನ ಹಬೆಯೂ ಗಾಳಿಯೂ ಬೆರೆತು ಒತ್ತಲ್ಪಟ್ಟಿರುತ್ತವೆ. ಸರಿಯಾದ ಕ್ಷಣದಲ್ಲಿ ಅದಕ್ಕೆ ಬೆಂಕಿ ತಾಗಿಸಬೇಕು. ಬ್ಯಾಟರಿಯಿಂದ ಬರುವುದು ಆರೋ ಹನ್ನೆರಡೋ ವೋಲ್ಟು ಮಾತ್ರ. ಪಾಯಿಂಟು ತೆರೆದುಕೊಳ್ಳುವ ಗಳಿಗೆಯಲ್ಲಿ ಕಾಯಿಲು ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರು ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ಷೆವ್ರೊಲೆಯ ಆರು ಸಿಲಿಂಡರಿನಲ್ಲಿ ಆ ಸರದಿ ಒಂದು, ಐದು, ಮೂರು, ಆರು, ಎರಡು, ನಾಲ್ಕು. ಪ್ಲಗ್ಗಿನ ನಡುಕಡ್ಡಿಗೂ ಪಕ್ಕದಿಂದ ಬಾಗಿದ ಕೊಕ್ಕೆಗೂ ಮಧ್ಯೆ ಬಿಟ್ಟಿರುವ ಕೂದಲೆಳೆಯ ಸಂದಿನಲ್ಲಿ ವಿದ್ಯುತ್ತು ಹಾರುತ್ತದೆ. ಆ ಹಾರುವಿಕೆಯೇ ಕಿಡಿ.

ಎಂಜಿನ್ನು ನಿಮಿಷಕ್ಕೆ ೨೪೦೦ ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ೧೨೦೦ ಸಲ ಕಿಡಿ ಕಾರಬೇಕು. ಎಂದರೆ ಸೆಕೆಂಡಿಗೆ ಇಪ್ಪತ್ತು, ಗಂಟೆಗೆ ೭೨,೦೦೦. ಮಂಗಳೂರಿನಿಂದ ಹೊರಟ ಹಳೆಯ ಲಾರಿ ಏಳು ಗಂಟೆ ಹೀಗೆ ಓಡಿತೆಂದರೆ ಪ್ರತಿಯೊಂದು ಪ್ಲಗ್ಗೂ ಐದು ಲಕ್ಷ ಬಾರಿ ಕಿಡಿ ಕೊಟ್ಟಿರುತ್ತದೆ. ಒಂದು ಕಡೆ ಸುಡುವ ಜ್ವಾಲೆ, ಮರುಗಳಿಗೆಯಲ್ಲಿ ಒಳಗೆ ನುಗ್ಗುವ ತಣ್ಣನೆಯ ಗಾಳಿ. ಈ ಹೊಡೆತವನ್ನು ಸಹಿಸಿಯೂ ಬಿರುಕು ಬಿಡದೆ, ವಿದ್ಯುತ್ತು ಸೋರಗೊಡದೆ ನಿಲ್ಲಬೇಕಾದ ಪಿಂಗಾಣಿಯನ್ನು ಮಾಡುವುದೇ ಈ ಶಿಲ್ಪದ ಗುಟ್ಟು.

ಫ್ರಾನ್ಸಿನಲ್ಲಿ ನೆಲೆಸಿದ್ದ ಎಟಿಯೆನ್ ಲೆನ್ವಾರ್ ೧೮೬೦ರಲ್ಲಿ ತನ್ನ ಎಂಜಿನ್ನಿಗೆ ವಿದ್ಯುತ್ ಕಿಡಿಯನ್ನು ಬಳಸಿದನು. ಅದು ಪೆಟ್ರೋಲಿನ ಎಂಜಿನ್ನಲ್ಲ, ಅನಿಲದ ಎಂಜಿನ್ನು ಎಂಬುದನ್ನು ಗಮನಿಸಬೇಕು. ಪ್ಲಗ್ಗಿನ ಜನ್ಮವೇ ಅನಿಲದೊಡನೆ. ೧೯೦೨ರಲ್ಲಿ ಜರ್ಮನಿಯ ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೋನೋಲ್ಡ್ ಎಂಬ ಎಂಜಿನಿಯರನು ಹೆಚ್ಚು ವೋಲ್ಟಿನ ಮ್ಯಾಗ್ನೆಟೋ ಯಂತ್ರವನ್ನೂ ಅದಕ್ಕೆ ಹೊಂದುವ ಪ್ಲಗ್ಗನ್ನೂ ಸಿದ್ಧಪಡಿಸಿದ ಮೇಲೆ ಮೋಟಾರಿನ ವೇಗಕ್ಕೆ ಇದ್ದ ಕಟ್ಟು ಹರಿಯಿತು. ಕನ್ನಡನಾಡಿಗೆ ಆ ವಿದ್ಯೆ ಬಂದುದು ಅದೇ ಬಾಷ್ ಸಂಸ್ಥೆಯ ಮೂಲಕ. ೧೯೫೧ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಎಂದರೆ ಎಲ್ಲರ ಬಾಯಲ್ಲಿ ‘ಮೈಕೋ’, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿ ಐವತ್ತರ ದಶಕದಲ್ಲಿಯೇ ಪ್ಲಗ್ಗುಗಳನ್ನು ತಯಾರಿಸತೊಡಗಿತು. ೨೦೦೮ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತಾದರೂ, ಹಳೆಯ ಮೇಸ್ತ್ರಿಗಳಿಗೆ ಅದು ಇಂದಿಗೂ ಮೈಕೋ ಪ್ಲಗ್ಗೇ.

ಬಿಸಿ ಪ್ಲಗ್ಗು, ತಣ್ಣನೆಯ ಪ್ಲಗ್ಗು

ಅಂಗಡಿಗೆ ಹೋಗಿ “ಲಾರಿಗೆ ಒಂದು ಪ್ಲಗ್ಗು ಕೊಡಿ” ಎಂದು ಕೇಳುವವನು ಔಷಧದಂಗಡಿಯಲ್ಲಿ “ಜ್ವರಕ್ಕೊಂದು ಮಾತ್ರೆ ಕೊಡಿ” ಎಂದು ಕೇಳುವವನಿಗೆ ಸಮಾನ. ತಿರುಪಿನ ದಪ್ಪ ಒಂದು ಅಳತೆ. ಹಳೆಯ ಎಂಜಿನ್ನುಗಳಲ್ಲಿ ಹದಿನೆಂಟು ಮಿಲಿಮೀಟರಿನದೂ ಇತ್ತು, ಆಮೇಲೆ ಹದಿನಾಲ್ಕರದು ರೂಢಿಗೆ ಬಂದಿತು. ತಿರುಪಿನ ಉದ್ದ ಇನ್ನೊಂದು. ಇದು ಗಿಡ್ಡವಾದರೆ ಕಿಡಿ ಗೂಡಿನೊಳಗೇ ಹುದುಗಿ ಎಂಜಿನ್ನು ಸೋಮಾರಿಯಾಗುತ್ತದೆ. ಉದ್ದವಾದರೆ ಪಿಸ್ಟನ್ನೋ ವಾಲ್ವೋ ಬಂದು ಕುಟ್ಟುತ್ತದೆ. ಈ ಎರಡನ್ನು ಕಣ್ಣಳತೆಯಲ್ಲಿಯೇ ಹಳೆಯದರ ಪಕ್ಕದಲ್ಲಿಟ್ಟು ನೋಡಬಹುದು. ಮೂರನೆಯದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಎಡವುವುದೆಲ್ಲ ಅಲ್ಲಿಯೇ. ಅದು ಪ್ಲಗ್ಗಿನ ಶಾಖದ ಗುಣ.

ಪ್ಲಗ್ಗಿನ ತುದಿ ತೀರ ತಣ್ಣಗಿರಬಾರದು. ಸುಮಾರು ೪೫೦ ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲಿದ್ದರೆ ಮಾತ್ರ ಅದರ ಮೇಲೆ ಕೂಡುವ ಮಸಿ ತಾನಾಗಿ ಉರಿದುಹೋಗುತ್ತದೆ. ಇಲ್ಲವಾದರೆ ಮಸಿಯ ಪದರದ ಮೇಲೆಯೇ ವಿದ್ಯುತ್ತು ಹರಿದು, ಕಿಡಿ ಹಾರುವುದೇ ಇಲ್ಲ. ಹಾಗೆಂದು ತೀರ ಬಿಸಿಯೂ ಆಗಬಾರದು. ಒಂಬೈನೂರು ಡಿಗ್ರಿಯ ಆಚೀಚೆಗೆ ಹೋಯಿತೆಂದರೆ ತುದಿ ಕೆಂಡದಂತೆ ಹೊಳೆಯುತ್ತ, ಕಿಡಿಯ ಅಪ್ಪಣೆಗೆ ಕಾಯದೆ ತಾನೇ ಬೆಂಕಿ ಹಚ್ಚುತ್ತದೆ. ಪಿಸ್ಟನ್ನು ಇನ್ನೂ ಮೇಲಕ್ಕೆ ಏರುತ್ತಿರುವಾಗಲೇ ಸ್ಫೋಟ! ಈ ಅಕಾಲದ ಉರಿ ಮುಂದುವರಿದರೆ ಪಿಸ್ಟನ್ನಿನ ತಲೆಗೆ ತೂತು ಬೀಳುವುದೂ ಉಂಟು. ಒಂದು ಪ್ಲಗ್ಗಿನ ಬೆಲೆಯೆಲ್ಲಿ, ಎಂಜಿನ್ನು ಬಿಚ್ಚುವ ಖರ್ಚೆಲ್ಲಿ?

ಈ ಎರಡು ಎಲ್ಲೆಗಳ ನಡುವೆ ಪ್ಲಗ್ಗನ್ನು ನಿಲ್ಲಿಸುವುದು ಪಿಂಗಾಣಿಯ ಮೂಗಿನ ಉದ್ದ. ಮೂಗು ನೀಳವಾಗಿದ್ದರೆ ಶಾಖ ಹೊರಹೋಗುವ ದಾರಿ ದೂರವಾಗಿ ತುದಿ ಬಿಸಿಯಾಗಿ ಉಳಿಯುತ್ತದೆ. ಅದು ‘ಬಿಸಿ’ ಪ್ಲಗ್ಗು. ಮೂಗು ಮೊಂಡಾಗಿದ್ದರೆ ಶಾಖ ಬೇಗನೆ ಹೊರಟುಹೋಗುತ್ತದೆ. ಅದು ‘ತಣ್ಣನೆಯ’ ಪ್ಲಗ್ಗು. ತಯಾರಕರು ಇದನ್ನು ಅಂಕೆಗಳಲ್ಲಿ ಬರೆಯುತ್ತಾರೆ. ಇಲ್ಲಿ ಒಂದು ವಿನೋದವೂ ಅಪಾಯವೂ ಇದೆ. ಹಳೆಯ ಬಾಷ್ ಮತ್ತು ಮೈಕೋ ಲೆಕ್ಕದಲ್ಲಿ ೧೪೫, ೧೭೫, ೨೨೫ ಎಂದು ಅಂಕೆ ಏರಿದಂತೆ ಪ್ಲಗ್ಗು ತಣ್ಣಗಾಗುತ್ತ ಹೋಗುತ್ತದೆ. ಅದೇ ಬಾಷಿನ ಹೊಸ ಲೆಕ್ಕದಲ್ಲಿ ಅಂಕೆ ಇಳಿದಂತೆ ತಣ್ಣಗಾಗುತ್ತದೆ. ಜಪಾನಿನ ಎನ್‌ಜಿಕೆಯಲ್ಲಿ ಅಂಕೆ ದೊಡ್ಡದಾದರೆ ತಣ್ಣನೆ, ಅಮೆರಿಕದ ಚಾಂಪಿಯನ್ನಿನಲ್ಲಿ ದೊಡ್ಡದಾದರೆ ಬಿಸಿ! ಒಬ್ಬರ ಪಂಚಾಂಗದಿಂದ ಇನ್ನೊಬ್ಬರ ಮುಹೂರ್ತ ನೋಡಿದಂತಾಗುವ ಈ ಗೊಂದಲದಲ್ಲಿ ಕೆಟ್ಟ ಎಂಜಿನ್ನುಗಳೆಷ್ಟೋ.

ಕರಾವಳಿಯ ಲಾರಿಯವರ ಪಾಲಿಗೆ ಈ ಆಯ್ಕೆ ಬಯಲುಸೀಮೆಯವರಿಗಿಂತ ಬಿಗಿಯಾದ ಕಗ್ಗಂಟಾಗಿದ್ದಿತು. ಸಮುದ್ರಮಟ್ಟದಿಂದ ಹೊರಟ ಲಾರಿ ಶಿರಾಡಿ ಹತ್ತಿ ಸಕಲೇಶಪುರ ಸೇರುವ ಹೊತ್ತಿಗೆ ಸುಮಾರು ೯೫೦ ಮೀಟರು ಎತ್ತರಕ್ಕೆ ಏರಿರುತ್ತದೆ. ತುಂಬಿದ ಹೊರೆ, ಕೆಳಗಿನ ಗೇರು, ಪೂರ್ತಿ ತುಳಿದ ಆಕ್ಸಿಲರೇಟರು. ಗಾಳಿಯ ಬೀಸೂ ಕಡಮೆ. ಆಗ ಎಂಜಿನ್ನು ಬೇಡುವುದು ತಣ್ಣನೆಯ ಪ್ಲಗ್ಗು. ಮರುದಿನ ಅದೇ ಲಾರಿ ಅದೇ ಘಾಟಿಯನ್ನು ಇಳಿಯುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನ ಹಿಡಿತದಲ್ಲಿ ಮೈಲಿಗಟ್ಟಲೆ ಇಳಿಯುವಾಗ ಸಿಲಿಂಡರಿನೊಳಗೆ ಹುಟ್ಟುವ ಹೀರುವಿಕೆ ಸವೆದ ರಿಂಗುಗಳ ಸಂದಿನಿಂದ ಎಣ್ಣೆಯನ್ನು ಮೇಲಕ್ಕೆಳೆಯುತ್ತದೆ. ಪ್ಲಗ್ಗು ತೊಯ್ದು ಸಾಯುತ್ತದೆ. ಆಗ ಎಂಜಿನ್ನು ಬೇಡುವುದು ಬಿಸಿ ಪ್ಲಗ್ಗು. ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು ಹಾಕುವುದಂತೂ ಸಾಧ್ಯವಿಲ್ಲ.

ಇದಕ್ಕೆ ನ್ಯಾಯವಾದ ಉತ್ತರ ಒಂದೇ: ತಯಾರಕನ ಪುಸ್ತಕದಲ್ಲಿರುವ ಪ್ಲಗ್ಗನ್ನೇ ಹಾಕಿ, ಸವೆದ ರಿಂಗನ್ನು ಬದಲಾಯಿಸಬೇಕು. ಆದರೆ ರಿಂಗು ಬದಲಾಯಿಸಬೇಕೆಂದರೆ ಲಾರಿ ಹಲವು ದಿನ ನಿಲ್ಲಬೇಕು, ಬಾಡಿಗೆ ತಪ್ಪಬೇಕು, ಸಾಲದ ಕಂತು ಮಾತ್ರ ತಪ್ಪದು. ಒಂದೇ ಲಾರಿಯನ್ನು ನಂಬಿದ ಮಾಲೀಕನು ಒಂದು ಅಂಕೆ ಬಿಸಿಯಾದ ಪ್ಲಗ್ಗು ಹಾಕಿಸಿ, ಏರಿನಲ್ಲಿ ದೇವರ ಮೇಲೆ ಭಾರ ಹೊರಿಸುತ್ತಿದ್ದನು. ಅದು ತಪ್ಪೆಂದು ಅವನಿಗೆ ತಿಳಿಯದೆ ಇರಲಿಲ್ಲ. ಬಡವನ ಯಂತ್ರಶಾಸ್ತ್ರಕ್ಕೆ ಬೇರೆಯೇ ಒಂದು ಅಧ್ಯಾಯವಿದೆ. ಅದನ್ನು ಪುಸ್ತಕ ಬರೆದವರು ಓದಿರುವುದಿಲ್ಲ.

ಬಿಚ್ಚುವ ಬಗೆ, ಓದುವ ಬಗೆ

ಆರರಲ್ಲಿ ಸತ್ತಿರುವ ಪ್ಲಗ್ಗು ಯಾವುದು? ಎಂಜಿನ್ನು ಓಡುತ್ತಿರುವಾಗಲೇ ಮರದ ಹಿಡಿಯ ಸ್ಕ್ರೂ ಡ್ರೈವರನ್ನು ಪ್ಲಗ್ಗಿನ ನೆತ್ತಿಗೂ ಎಂಜಿನ್ನಿನ ಮೈಗೂ ತಾಗಿಸಿ ಕಿಡಿಯನ್ನು ಅಡ್ಡದಾರಿಗೆ ಎಳೆಯುತ್ತಿದ್ದರು. ಬದುಕಿರುವ ಪ್ಲಗ್ಗಾದರೆ ಎಂಜಿನ್ನಿನ ಸದ್ದು ಕುಗ್ಗುತ್ತದೆ. ಸದ್ದು ಬದಲಾಗದಿದ್ದರೆ ಸತ್ತದ್ದು ಅದೇ. ಹಿಡಿ ಒಡೆದಿದ್ದರೆ ಕೈಗೆ ಸಿಕ್ಕುವ ಪೆಟ್ಟನ್ನು ಅನುಭವಿಸಿದ ಹುಡುಗನು ಆ ಪಾಠವನ್ನು ಮತ್ತೆ ಮರೆಯುತ್ತಿರಲಿಲ್ಲ. ಹೊಸ ಎಲೆಕ್ಟ್ರಾನಿಕ್ ಗಾಡಿಗಳಲ್ಲಿ ಈ ಸಾಹಸಕ್ಕೆ ಕೈಹಾಕಲೇ ಕೂಡದು; ವೋಲ್ಟೂ ಹೆಚ್ಚು, ಸುಟ್ಟುಹೋಗುವ ಪೆಟ್ಟಿಗೆಯ ಬೆಲೆಯೂ ಹೆಚ್ಚು.

ಬಿಚ್ಚುವ ಮೊದಲು ಎಂಜಿನ್ನು ತಣಿಯಬೇಕು. ತಂತಿಗಳಿಗೆ ಗುರುತು ಹಾಕಬೇಕು. ಸರದಿ ತಪ್ಪಿದರೆ ಲಾರಿ ಕಾರ್ಬುರೇಟರಿನಲ್ಲಿ ಸಿಡಿದು ಮೀಸೆ ಸುಡುತ್ತದೆ. ಪ್ಲಗ್ಗಿನ ಸುತ್ತಣ ಧೂಳನ್ನು ಗಾಳಿ ಹೊಡೆದು ತೆಗೆಯದೆ ಬಿಚ್ಚಿದರೆ ಮರಳಿನ ಕಾಳು ಸಿಲಿಂಡರಿನೊಳಕ್ಕೆ ಬಿದ್ದು ಅದರ ಗೋಡೆಯನ್ನು ಗೀರುತ್ತದೆ. ಹೊಸದನ್ನು ಹಾಕುವಾಗ ಮೊದಲ ಸುತ್ತುಗಳು ಬೆರಳಿನಿಂದಲೇ ಆಗಬೇಕು. ಸ್ಪ್ಯಾನರಿನಿಂದ ಮೊದಲುಮಾಡಿದವನು ತಿರುಪನ್ನು ಅಡ್ಡ ಕೂರಿಸಿ, ಹೆಡ್ಡಿನ ಎಳೆಯನ್ನೇ ಕಿತ್ತುಕೊಂಡಾನು. ಪ್ಲಗ್ಗು ಕೂತ ಮೇಲೆ ಹೊಸ ವಾಷರಿದ್ದರೆ ಸುಮಾರು ಅರ್ಧ ಸುತ್ತು, ಹಳೆಯ ವಾಷರಾದರೆ ಇನ್ನೂ ಕಡಮೆ. ಗಟ್ಟಿಯಾಗಲೆಂದು ಕೊಳವೆ ಸೇರಿಸಿ ತಿರುಚುವ ಅಭ್ಯಾಸ ಗಾಲಿಯ ನಟ್ಟಿಗೆ ಸಲ್ಲುವುದೇ ಹೊರತು ಪ್ಲಗ್ಗಿಗೆ ಸಲ್ಲದು. ಸಡಿಲವಾದರೂ ಕೆಡಕೇ, ಪ್ಲಗ್ಗಿನ ಶಾಖ ಬಹುಪಾಲು ಹೊರಹೋಗುವುದು ತಿರುಪು, ವಾಷರುಗಳ ಮೂಲಕವಾದುದರಿಂದ, ಸರಿಯಾಗಿ ಕೂರದ ಪ್ಲಗ್ಗು ಮಿತಿಮೀರಿ ಕಾಯುತ್ತದೆ.

ಸಂದಿನ ಅಳತೆ ಆಗಿನ ಲಾರಿಗಳಲ್ಲಿ ಸಾಮಾನ್ಯವಾಗಿ ಅಂಗುಲದ ಸಾವಿರದಲ್ಲಿ ೨೫ರಿಂದ ೩೦ ಭಾಗ. ಮೇಸ್ತ್ರಿಗಳ ಬಾಯಲ್ಲಿ ಅದು ‘ಇಪ್ಪತ್ತೈದು ಥೌ’. ಫೀಲರ್ ಗೇಜು ಮನೆಯಲ್ಲಿ ಉಳಿದಿದ್ದರೆ ಹ್ಯಾಕ್ಸಾ ಬ್ಲೇಡಿನ ದಪ್ಪದಿಂದ ಅಳೆದವರೂ ಉಂಟು. ಬಾಗಿಸಬೇಕಾದುದು ಪಕ್ಕದ ಕೊಕ್ಕೆಯನ್ನು, ನಡುಕಡ್ಡಿಯನ್ನಲ್ಲ. ನಡುಕಡ್ಡಿಗೆ ಕೈಯಿಟ್ಟರೆ ಪಿಂಗಾಣಿ ಬಿರಿಯುತ್ತದೆ.

ಇನ್ನು ತೆಗೆದ ಪ್ಲಗ್ಗು. ಅದನ್ನು ಎಸೆಯುವ ಮುನ್ನ ಓದಬೇಕು. ನಾಡಿ ಹಿಡಿಯುವ ವೈದ್ಯನ ವಿದ್ಯೆ ಇಲ್ಲಿಯೂ ಸಲ್ಲುತ್ತದೆ. ಮೂಗು ತೆಳುಗಂದು ಬಣ್ಣದಲ್ಲಿ, ಹುರಿಗಡಲೆಯ ಹೊಟ್ಟಿನಂತಿದ್ದರೆ ಎಂಜಿನ್ನು ಕ್ಷೇಮ. ಒಣ ಕರಿಮಸಿ ಕೂತಿದ್ದರೆ ಪೆಟ್ರೋಲು ಅತಿಯಾಗಿ ಬರುತ್ತಿದೆ, ಇಲ್ಲವೇ ಗಾಳಿಯ ಫಿಲ್ಟರು ಕಟ್ಟಿಕೊಂಡಿದೆ. ಜಿಡ್ಡಾಗಿ ಹೊಳೆಯುತ್ತಿದ್ದರೆ ಎಣ್ಣೆ ಮೇಲಕ್ಕೆ ಬರುತ್ತಿದೆ. ಮೂಗು ಬಿಳಿಚಿ ಗುಳ್ಳೆಯೆದ್ದು, ಕಡ್ಡಿ ಕರಗಿದಂತಿದ್ದರೆ ಎಂಜಿನ್ನು ಅಪಾಯದ ಅಂಚಿನಲ್ಲಿದೆ. ಆರರಲ್ಲಿ ಐದು ಒಂದೇ ಬಣ್ಣದಲ್ಲಿದ್ದು ಒಂದು ಮಾತ್ರ ಬೇರೆಯಾಗಿದ್ದರೆ, ರೋಗ ಪ್ಲಗ್ಗಿನದಲ್ಲ, ಆ ಸಿಲಿಂಡರಿನದು; ಅಲ್ಲಿ ಹೊಸ ಪ್ಲಗ್ಗು ಹಾಕಿ ಗಾಡಿ ಕಳುಹಿಸುವುದು ಗಿರಾಕಿಗೆ ಮಾಡುವ ವಂಚನೆ.

ಮಸಿ ಹಿಡಿದ ಹಳೆಯ ಪ್ಲಗ್ಗನ್ನು ಮರಳಿನ ಗಾಳಿ ಹೊಡೆದು ಬೆಳ್ಳಗೆ ಮಾಡಿ, ಹೊಸದೆಂದು ಮಾರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮರಳು ತಾಗಿ ಪಿಂಗಾಣಿಯ ನುಣುಪು ಹೋದರೆ ಮಸಿ ಮೊದಲಿಗಿಂತ ಬೇಗ ಅಂಟುತ್ತದೆ. ನಡುಕಡ್ಡಿಯ ತುದಿಯ ಅಂಚುಗಳು ಚೂಪಾಗಿವೆಯೋ ದುಂಡಗೆ ಸವೆದಿವೆಯೋ ನೋಡಿದರೆ ಮೋಸ ಬಯಲಾಗುತ್ತದೆ. ಬಣ್ಣ ಬಳಿಯಬಹುದು, ಸವೆದ ಅಂಚನ್ನು ಮರಳಿ ಚೂಪಾಗಿಸುವುದು ಅಷ್ಟು ಸುಲಭವಲ್ಲ.

ಮಂಗಳೂರಿಗೆ ಮಳೆಯದೊಂದು ಬೇರೆ ಕಾಟ. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿನಲ್ಲಿ ಪ್ಲಗ್ಗು ಚೆನ್ನಾಗಿದ್ದರೂ ತಂತಿಯ ಮೇಲಿನ ತೇವ, ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗಿನ ಬೆವರು, ಇವುಗಳ ಮೇಲಿಂದ ವಿದ್ಯುತ್ತು ಸೋರಿಹೋಗುತ್ತದೆ. ಆಟಿಯ ಬೆಳಗ್ಗೆ ಹ್ಯಾಂಡಲ್ ಹೊಡೆದು ಹೊಡೆದು ಸುಸ್ತಾದ ಕ್ಲೀನರನು ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಒಲೆಯ ಬಳಿ ಬೆಚ್ಚಗೆ ಮಾಡಿ ಮರಳಿ ಹಾಕುತ್ತಿದ್ದುದುಂಟು.

ಇದ್ದಲಿನ ಕಾಲ, ಡೀಸೆಲಿನ ಕಾಲ

ಯುದ್ಧಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸು ಲಾರಿಗಳ ಬೆನ್ನಿಗೆ ಇದ್ದಲಿನ ಉರುಳೆಯೊಲೆ ಏರಿತು. ಅರೆಬೆಂದ ಇದ್ದಲಿನಿಂದ ಹೊರಡುವ ಅನಿಲವನ್ನೇ ಎಂಜಿನ್ನು ಉಣ್ಣಬೇಕಾಯಿತು. ಶಕ್ತಿ ಮೂರರಲ್ಲಿ ಒಂದು ಪಾಲಿನಷ್ಟು ಕುಗ್ಗಿತು. ಏರು ಬಂದಾಗ ಪ್ರಯಾಣಿಕರು ಇಳಿದು ನಡೆದರು. ಬೂದಿಯೂ ಟಾರೂ ಬಂದು ಪ್ಲಗ್ಗನ್ನು ಮುತ್ತಿದುವು. ಆದರೂ ಕಿಡಿ ಬೇಕೇಬೇಕಿತ್ತು.

ಕಿಡಿಯನ್ನು ನಿಜವಾಗಿ ಗಡೀಪಾರು ಮಾಡಿದುದು ಡೀಸೆಲ್. ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದ ಬಿಸಿಯಿಂದಲೇ ಎಣ್ಣೆಗೆ ಬೆಂಕಿ ತಾಗಿಸುವ ಎಂಜಿನ್ನನ್ನು ರುಡಾಲ್ಫ್ ಡೀಸೆಲ್ ೧೮೯೭ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿದ್ದನು. ಭಾರತದ ರಸ್ತೆಗಳಿಗೆ ಅದು ದಂಡೆತ್ತಿ ಬಂದುದು ೧೯೫೪ರಲ್ಲಿ ಟಾಟಾ ಸಂಸ್ಥೆಯು ಡೈಮ್ಲರ್-ಬೆನ್ಜ್‌ನೊಡನೆ ಕೈಜೋಡಿಸಿದ ಮೇಲೆ. ಮರುವರ್ಷ ಅಶೋಕ್ ಲೇಲ್ಯಾಂಡ್ ಎಂಬ ಹೆಸರೂ ಹುಟ್ಟಿತು. ಕಡಮೆ ಖರ್ಚು, ಹೆಚ್ಚು ಎಳೆತ: ಘಟ್ಟದ ಲಾರಿಗೆ ಇನ್ನೇನು ಬೇಕು? ಆ ಕಾಲದ ಹಲವು ಡೀಸೆಲ್ ಎಂಜಿನ್ನುಗಳಲ್ಲಿ ‘ಹೀಟರ್ ಪ್ಲಗ್ಗು’ ಎಂಬುದೊಂದು ಇದ್ದಿತಾದರೂ ಅದು ಕಿಡಿ ಕಾರುವಂಥದಲ್ಲ. ಚಳಿಯಲ್ಲಿ ಎಂಜಿನ್ನು ಎಬ್ಬಿಸುವಾಗ ಕ್ಷಣಕಾಲ ಕಾದು ಸುಮ್ಮನಾಗುವ ತಂತಿ. ಮೈಕೋ ಕಾರ್ಖಾನೆಯೂ ಡೀಸೆಲ್ ಪಂಪುಗಳಿಂದ ಇನ್ನಷ್ಟು ಪ್ರಸಿದ್ಧವಾಯಿತು. ಪ್ಲಗ್ಗು ಸ್ಕೂಟರಿಗೂ ಕಾರಿಗೂ ರಿಕ್ಷಾಕ್ಕೂ ಉಳಿಯಿತು. ಲಾರಿಯವರ ಪೆಟ್ಟಿಗೆಯಿಂದ ಪ್ಲಗ್ ಸ್ಪ್ಯಾನರು ಕಾಣೆಯಾಯಿತು.

“ಲಾರಿಗೆಂತ ಪ್ಲಗ್ಗು?”

೧೯೯೮ರ ಜುಲೈಯಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಬಸ್ಸುಗಳನ್ನು ಸಿ.ಎನ್.ಜಿ.ಗೆ, ಎಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲಕ್ಕೆ, ಬದಲಾಯಿಸಬೇಕೆಂದು ಆಜ್ಞೆ ಮಾಡಿದಾಗ ಅದು ದೂರದ ಸುದ್ದಿಯಾಗಿದ್ದಿತು. ೨೦೨೧ರ ಜನವರಿ ೫ರಂದು ಸುಮಾರು ೪೫೦ ಕಿಲೋಮೀಟರು ಉದ್ದದ ಕೊಚ್ಚಿ-ಮಂಗಳೂರು ಅನಿಲ ಕೊಳವೆಯ ಉದ್ಘಾಟನೆಯಾಯಿತು. ದಕ್ಷಿಣ ಕನ್ನಡದಲ್ಲಿ ಸಿ.ಎನ್.ಜಿ. ಬಂಕುಗಳು ತೆರೆದವು. ಟಾಟಾ, ಐಷರ್, ಅಶೋಕ್ ಲೇಲ್ಯಾಂಡ್ ಮೊದಲಾದವರು ಅನಿಲದಲ್ಲಿ ಓಡುವ ಸರಕು ಗಾಡಿಗಳನ್ನು ಮಾರತೊಡಗಿದರು. ಇವು ಡೀಸೆಲ್ ಎಂಜಿನ್ನಿನ ಕುಲದಲ್ಲಿಯೇ ಹುಟ್ಟಿದವು. ನೋಡಲು ಹಾಗೆಯೇ ಕಾಣುತ್ತವೆ. ಆದರೆ ಡೀಸೆಲ್ ಇಂಜೆಕ್ಟರು ಇರಬೇಕಾದ ಕಡೆಯಲ್ಲಿ ಸಿಲಿಂಡರಿಗೊಂದು ಸ್ಪಾರ್ಕ್ ಪ್ಲಗ್ಗು ಕುಳಿತಿರುತ್ತದೆ. ಅತ್ತಾವರದ ರೈಲು ನಿಲ್ದಾಣದ ಆಸುಪಾಸಿನಲ್ಲಿ ಇಂಥ ಗಾಡಿ ನಿಂತಿದ್ದರೆ, ಇಂಥದೊಂದು ಮಾತುಕತೆ ನಡೆದೀತೆಂದು ಊಹಿಸುವುದು ಕಷ್ಟವಲ್ಲ.

“ಗಾಡಿ ಏರಿನಲ್ಲಿ ಎಳೆಯುವುದೇ ಇಲ್ಲ ಮಾರಾಯ್ರೆ, ಜರ್ಕ್ ಹೊಡೆಯುತ್ತದೆ.”

“ಫಿಲ್ಟರ್ ನೋಡಿಸಿದಿರಾ?”

“ಅದು ಬದಲಿಸಿ ಆಯಿತು. ಗ್ಯಾಸೇ ಸರಿ ಇಲ್ಲವೋ ಎಂತದೋ.”

“ಪ್ಲಗ್ಗು ಬದಲಿಸಿ ಎಷ್ಟು ಸಮಯ ಆಯಿತು?”

“ಪ್ಲಗ್ಗಾ! ಲಾರಿಗೆಂತ ಪ್ಲಗ್ಗು?”

ಈ ಅಜ್ಞಾನದ ಬೆಲೆ ಹಿಂದಿಗಿಂತ ಇಂದು ಹೆಚ್ಚು. ಅನಿಲವು ಪೆಟ್ರೋಲಿನಂತಲ್ಲ. ಮಿಥೇನ್ ತಾನಾಗಿ ಹೊತ್ತಿಕೊಳ್ಳಲು ಸುಮಾರು ೫೪೦ ಡಿಗ್ರಿ ಶಾಖ ಬೇಕು. ಅದನ್ನು ಕಿಡಿಯಿಂದ ಹೊತ್ತಿಸುವುದಕ್ಕೂ ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಎಂಜಿನ್ನಿನೊಳಗಿನ ಒತ್ತಡವೂ ಹೆಚ್ಚಾದುದರಿಂದ ಕಾಯಿಲು ಹೆಚ್ಚಿನ ವೋಲ್ಟನ್ನು ತಳ್ಳಬೇಕಾಗುತ್ತದೆ. ಆದುದರಿಂದಲೇ ಇಂಥ ಎಂಜಿನ್ನುಗಳಲ್ಲಿ ಪ್ಲಗ್ಗಿನ ಸಂದು ಸಾಮಾನ್ಯವಾಗಿ ಕಿರಿದು. ತುದಿಯಲ್ಲಿ ಇರಿಡಿಯಮ್ ಅಥವಾ ಪ್ಲಾಟಿನಮ್ಮಿನಂಥ ಸವೆಯದ ಲೋಹ. ಕಿಡಿ ಹಾರಿ ಹಾರಿ ಸಂದು ಅಗಲವಾಗುತ್ತ ಹೋದಂತೆ ಬೇಕಾಗುವ ವೋಲ್ಟು ಏರುತ್ತದೆ. ಕೊನೆಗೊಂದು ದಿನ ವಿದ್ಯುತ್ತು ಸಂದನ್ನು ಬಿಟ್ಟು ಪಿಂಗಾಣಿಯ ಹೊರಮೈಯ ಮೇಲೆ ಹರಿದು, ಕಪ್ಪುಗೆರೆ ಕೊರೆದು, ರಬ್ಬರಿನ ಟೋಪಿಯನ್ನೂ ಕಾಯಿಲನ್ನೂ ಸುಟ್ಟುಹಾಕುತ್ತದೆ. ಉರಿಯದೆ ಉಳಿದ ಅನಿಲ ಹೊಗೆಕೊಳವೆಯಲ್ಲಿ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ೨೦೨೦ರ ಏಪ್ರಿಲಿನಿಂದ ಬಿ.ಎಸ್.೬ ನಿಯಮ ಜಾರಿಗೆ ಬಂದ ಮೇಲೆ ಈ ಕನ್ವರ್ಟರು ಗಾಡಿಯ ದುಬಾರಿ ಭಾಗಗಳಲ್ಲೊಂದು. ಪ್ಲಗ್ಗಿನಲ್ಲಿ ಉಳಿಸಿದ ಹಣ ಅಲ್ಲಿ ನೂರ್ಮಡಿಯಾಗಿ ಹೋಗುತ್ತದೆ. ಸಾಲದಲ್ಲಿ ಗಾಡಿ ಕೊಂಡವನಿಗೆ ಅದು ಆರು ತಿಂಗಳ ದುಡಿಮೆಯನ್ನೇ ನುಂಗಿದರೂ ಆಶ್ಚರ್ಯವಿಲ್ಲ.

ಹಳೆಯ ಪಾಠಗಳಲ್ಲಿ ಕೆಲವು ಇಲ್ಲಿ ಸಲ್ಲುವುದಿಲ್ಲ. ಇರಿಡಿಯಮ್ ತುದಿಯನ್ನು ತಂತಿಯ ಬ್ರಶ್ಶಿನಿಂದ ಉಜ್ಜುವುದು, ಕೊಕ್ಕೆಯನ್ನು ಕಟಿಂಗ್ ಪ್ಲೈಯರಿನಿಂದ ಬಾಗಿಸುವುದು ಕೂಡದು. ಲೇಪವುಳ್ಳ ತಿರುಪಿಗೆ ತಯಾರಕನು ಹೇಳದ ಹೊರತು ಗ್ರೀಸು ಸವರಬಾರದು. ಜಾರಿಕೆಯಿಂದ ಬಿಗಿತದ ಲೆಕ್ಕ ತಪ್ಪುತ್ತದೆ. ಬಿಗಿಯುವುದಕ್ಕೆ ಟಾರ್ಕ್ ಸ್ಪ್ಯಾನರೇ ಆಗಬೇಕು. ಅದೇ ಅಳತೆಯ ಕಾರಿನ ಪ್ಲಗ್ಗು ಅಗ್ಗವಾಗಿ ಸಿಕ್ಕಿತೆಂದು ಹಾಕುವುದಂತೂ ಆತ್ಮಘಾತ. ತಿರುಪು ಕೂಡುತ್ತದೆ, ಶಾಖ ಕೂಡುವುದಿಲ್ಲ. ಮಳೆಗಾಲದ ಎಚ್ಚರಿಕೆ ಮಾತ್ರ ಹಳೆಯದೇ: ಈ ಪ್ಲಗ್ಗುಗಳು ಕೂರುವುದು ಆಳವಾದ ಗುಣಿಗಳಲ್ಲಿ, ಸರ್ವೀಸಿನವರು ಎಂಜಿನ್ನಿಗೆ ನೀರಿನ ಪೈಪು ಹಿಡಿದರೆ ನೀರು ನಿಲ್ಲುವುದು ಅಲ್ಲಿಯೇ.

ಇನ್ನೊಂದು ಸಂಗತಿಯನ್ನು ಪೆಟ್ರೋಲು ಕಾಲದವರು ತಿಳಿದಿರಬೇಕಾದ ಅಗತ್ಯವಿರಲಿಲ್ಲ. ಸಿಲಿಂಡರುಗಳಲ್ಲಿ ಅನಿಲ ತುಂಬಿರುವುದು ಸುಮಾರು ೨೦೦ ಬಾರ್ ಒತ್ತಡದಲ್ಲಿ. ಪ್ಲಗ್ಗಿಗೆ ಕೈಹಾಕುವ ಮೊದಲು ವಾಲ್ವು ಮುಚ್ಚಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡಬೇಕು. ಈ ಅನಿಲ ಗಾಳಿಗಿಂತ ಹಗುರ; ಬಯಲಿನಲ್ಲಾದರೆ ಮೇಲೇರಿ ಚದುರಿಹೋಗುತ್ತದೆ, ಮುಚ್ಚಿದ ಶೆಡ್ಡಿನಲ್ಲಾದರೆ ಮಾಡಿನ ಅಡಿಯಲ್ಲಿ ಕೂಡಿಕೊಳ್ಳುತ್ತದೆ. ಹಂಚಿನ ಮಾಡಿನ ಹಳೆಯ ಗ್ಯಾರೇಜುಗಳಿಗೆ ಸಂದುಗಳೇ ಕಿಟಕಿ. ತಗಡು ಬಡಿದು ಭದ್ರಮಾಡಿದ ಹೊಸ ಶೆಡ್ಡುಗಳಲ್ಲಿ ಮೇಲ್ಗಡೆ ಗಾಳಿಕಿಂಡಿ ಬಿಡಬೇಕು.

ಬದಲಾವಣೆಯ ಅವಧಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಅದು ಗಾಡಿಯೊಡನೆ ಬರುವ ಪುಸ್ತಕದಲ್ಲಿರುತ್ತದೆ, ಪುಸ್ತಕ ಬಹುಮಟ್ಟಿಗೆ ಪ್ಲಾಸ್ಟಿಕ್ ಚೀಲ ಬಿಚ್ಚದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುತ್ತದೆ. ಲಾರಿಯವರಲ್ಲಿ ಎಣ್ಣೆ ಬದಲಾಯಿಸಿದ ದಿನಾಂಕವನ್ನೂ ಕಿಲೋಮೀಟರನ್ನೂ ಬಾಗಿಲಿನ ಒಳಮೈಯಲ್ಲಿ ಬರೆದಿಡುವ ಒಳ್ಳೆಯ ರೂಢಿಯೊಂದಿದೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಬೇಕಾದಷ್ಟು ಜಾಗವಿರುತ್ತದೆ.